ಆ ಕಪ್ಪು ಕಲೆಯನ್ನು ಉಜ್ಜಬೇಡಿ

ಕೇಳುಗ ಮಿತ್ರರೆ, ನಮಸ್ಕಾರ.

ಹಳೆಯ ಹಾಯಿ ಯುದ್ಧನೌಕೆಯ ಮರದ ತುಂಡೊಂದು ನಿಮ್ಮ ಕೈ ಸೇರಿದೆ ಎಂದಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟದ್ದು. ಅಂಗೈಯಗಲದ ಓಕ್. ಒಂದು ಬದಿಗೆ ಮೊಳೆಯ ತೂತು, ಸುತ್ತ ಮಸಿ ಬಳಿದಂಥ ಕಪ್ಪು. ಇದರಲ್ಲೊಂದು ಪೆನ್ನೋ ಪುಟ್ಟ ಪೆಟ್ಟಿಗೆಯೋ ಮಾಡೋಣ ಎಂಬ ಆಸೆ ನಿಮಗೆ. ಆಗ ಹೆಚ್ಚಿನವರು ಮೊದಲು ಮಾಡುವುದೇ ಸ್ಯಾಂಡ್‌ಪೇಪರ್ ಹಿಡಿದು ಆ ಕಪ್ಪನ್ನು ತಿಕ್ಕುವುದು. ದಯವಿಟ್ಟು ತಿಕ್ಕಬೇಡಿ.

ಆ ಕಪ್ಪು ಕೊಳೆಯಲ್ಲ. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ತುಂಬಿರುತ್ತದೆ. ನೀರಿನ ಪಸೆಯಲ್ಲಿ ಕಬ್ಬಿಣದ ಮೊಳೆ ಅದರೊಡನೆ ಸೇರಿ ಮರ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಕಲೆ ಹಸಿರಾಗಿದ್ದರೆ ಅಲ್ಲಿ ತಾಮ್ರವಿತ್ತು ಎಂದರ್ಥ. ಅದು ಹಡಗಿನ ಮರ ಎಂದು ಹೇಳುವುದು ಈ ಕಲೆ, ಈ ತೂತು. ಅದನ್ನು ಅಳಿಸಿದಿರೋ, ಉಳಿಯುವುದು ಅಂಗಡಿಯಲ್ಲಿ ಸಿಗುವ ಓಕ್ ಅಷ್ಟೆ.

ಫೌಡ್ರಾಯಂಟ್ ಹಡಗಿನ ಕಥೆಯನ್ನು ಇಲ್ಲಿ ಹೇಳಲೇಬೇಕು. 1798ರಲ್ಲಿ ಪ್ಲಿಮತ್‌ನಲ್ಲಿ ನೀರಿಗಿಳಿದ 80 ತೋಪುಗಳ ಹಡಗು. 1799ರಿಂದ 1800ರವರೆಗೆ ಬ್ರಿಟನ್ನಿನ ಹೆಸರಾಂತ ನೌಕಾ ಸೇನಾಪತಿ ನೆಲ್ಸನ್‌ನ ಧ್ವಜನೌಕೆ, ಎಂದರೆ ಆತ ಏರಿ ಪಡೆ ನಡೆಸಿದ ಹಡಗು. ಅಂಥದ್ದನ್ನು 1892ರಲ್ಲಿ ಗುಜರಿಗೆ ಮಾರಿದರು! ಅದು ಜರ್ಮನಿಯ ಹಡಗು ಒಡೆಯುವವರ ಪಾಲಾಯಿತು. ಇಂಗ್ಲೆಂಡಿನ ಜನ ರೊಚ್ಚಿಗೆದ್ದರು. ವೀಟ್ಲಿ ಕಾಬ್ ಎಂಬ ಶ್ರೀಮಂತ ಅದನ್ನು ಮರಳಿ ಕೊಂಡು, ಕೈಯಿಂದ ದುಡ್ಡು ಸುರಿದು ದುರಸ್ತಿ ಮಾಡಿಸಿದ. ಆ ಖರ್ಚು ಹುಟ್ಟಲೆಂದು ಕಡಲತೀರದ ಊರೂರಿಗೆ ಒಯ್ದು ಟಿಕೆಟ್ ಇಟ್ಟು ತೋರಿಸಿದ. 1897ರ ಜೂನ್ 16ರಂದು ಬ್ಲ್ಯಾಕ್‌ಪೂಲ್ ಎದುರು ಲಂಗರು ಹಾಕಿದ್ದಾಗ ಬಿರುಗಾಳಿ ಎದ್ದಿತು. ಲಂಗರಿನ ಸರಪಳಿ ಕಡಿದು ಹಡಗು ದಡಕ್ಕೆ ಬಡಿಯಿತು. ಜನರನ್ನು ಜೀವರಕ್ಷಕ ದೋಣಿ ಉಳಿಸಿತು, ಹಡಗು ಉಳಿಯಲಿಲ್ಲ. ಆಮೇಲೆ ಅದರ ಓಕ್ ಕುರ್ಚಿಯಾಯಿತು, ಊರುಗೋಲಾಯಿತು, ಪೆಟ್ಟಿಗೆಯಾಯಿತು, ತಾಮ್ರ ಪದಕವಾಯಿತು. ಹಡಗಿನ ಹೆಸರು ಕೆತ್ತಿದ ಫಲಕ ಇರುವ ವಸ್ತುಗಳನ್ನು ಇಂದಿಗೂ ಗುರುತಿಸಬಹುದು. ನುಣ್ಣಗೆ ಪಾಲಿಶ್ ಮಾಡಿದ ಪೆಟ್ಟಿಗೆಯ ಫಲಕ ಕಳಚಿಹೋಗಿದ್ದರೆ ಅದು ಯಾವ ಮರವೆಂದು ಯಾರು ಹೇಳಬೇಕು? ಗುರುತು ಉಳಿಸಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಕಾಬ್ ಅಷ್ಟಕ್ಕೆ ನಿಲ್ಲಲಿಲ್ಲ. ಅದೇ ವರ್ಷ ಟ್ರಿಂಕೋಮಲಿ ಎಂಬ ಇನ್ನೊಂದು ಹಡಗು ಕೊಂಡು ಅದಕ್ಕೂ ಫೌಡ್ರಾಯಂಟ್ ಎಂದೇ ಹೆಸರಿಟ್ಟ. ಅದು ಮುಂಬಯಿಯಲ್ಲಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಲ್ಲಿ ಕಟ್ಟಿ, 1817ರಲ್ಲಿ ನೀರಿಗಿಳಿಸಿದ ಹಡಗು. ಈಗ ಹಳೆಯ ಹೆಸರಿಗೇ ಮರಳಿ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತ ನಿಂತಿದೆ. ನಮ್ಮ ತೇಗ ಅದು!

ಇರಲಿ, ಕೆಲಸಕ್ಕೆ ಬರೋಣ. ತಂದ ಮರವನ್ನು ಅಂದೇ ಕೊಯ್ಯಬೇಡಿ. ಅಲ್ಲಿಯ ತೇವ ಬೇರೆ, ಇಲ್ಲಿಯದು ಬೇರೆ. ಎರಡು ತುದಿಗೂ ಮೇಣ ಬಳಿದು ನೆರಳಿನಲ್ಲಿಡಿ, ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಗರಗಸ ಹಿಡಿಯಿರಿ. ಅವಸರ ಮಾಡಿದರೆ ಪೆಟ್ಟಿಗೆಯ ಮುಚ್ಚಳ ಸೊಟ್ಟಗಾಗುತ್ತದೆ.

ಕೊಯ್ಯುವ ಮೊದಲು ಒಳಗೆ ಲೋಹ ಇದೆಯೇ ನೋಡಿ. ಅಯಸ್ಕಾಂತ ಸಾಲದು, ತಾಮ್ರ ಅದಕ್ಕೆ ಸಿಗುವುದಿಲ್ಲ. ಮೆಟಲ್ ಡಿಟೆಕ್ಟರ್ ಆಡಿಸಿ. ತಾಮ್ರದ ಬೋಲ್ಟ್ ಸಿಕ್ಕರೆ ಕೀಳಬೇಡಿ. ಲೋಹ ಕೊಯ್ಯುವ ಹ್ಯಾಕ್ಸಾ ಬ್ಲೇಡಿನಿಂದ ಮರದ ಸಮೇತ ಅಡ್ಡ ಕೊಯ್ಯಿರಿ. ಓಕ್ ನಡುವೆ ಕೆಂಪಗೆ ಹೊಳೆಯುವ ಆ ವೃತ್ತಕ್ಕಿಂತ ಚಂದದ ಅಲಂಕಾರ ಬೇಕೇ?

ಪೆನ್ನಿಗೆ 20 ಮಿಲಿಮೀಟರ್ ಚೌಕದ ಕಡ್ಡಿ ಸಾಕು. ಒಳಗೆ ರೀಫಿಲ್ ಕೂರುವ ಹಿತ್ತಾಳೆ ಕೊಳವೆಗೆ 7 ಮಿಲಿಮೀಟರ್ ತೂತು ಕೊರೆಯಬೇಕು. ಹಳೆಯ ಓಕ್ ಒಣಗಿ ಬಿರುಸಾಗಿರುತ್ತದೆ, ಡ್ರಿಲ್ ಹೊರಬರುವ ತುದಿ ಸಿಡಿಯುತ್ತದೆ. ಕಡ್ಡಿಯನ್ನು ಬೇಕಾದ್ದಕ್ಕಿಂತ ಉದ್ದ ಇಟ್ಟುಕೊಂಡು, ನಿಧಾನಕ್ಕೆ ಕೊರೆದು, ಸಿಡಿದ ತುದಿಯನ್ನು ಕತ್ತರಿಸಿ ಹಾಕಿ. ಮೊಳೆಯ ತೂತು ಪೆನ್ನಿನ ಮೈಮೇಲೆ ಕಾಣುವಂತೆ ಕಡ್ಡಿ ಕೊಯ್ದುಕೊಳ್ಳಿ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದಾಗ ಉಜ್ಜಬೇಡಿ, ಮಾಸ್ಕ್ ಹಾಕಿ. ಕಬ್ಬಿಣದ ಸ್ಕ್ರೂ ಬೇಡ, ಹಿತ್ತಾಳೆಯದು ಹಾಕಿ. ಉಕ್ಕಿನ ನಾರಿನಿಂದ ತಿಕ್ಕಲೇಬೇಡಿ. ಅದರ ಚೂರು ಓಕ್ ರಂಧ್ರದಲ್ಲಿ ಕುಳಿತು ಮಳೆಗಾಲಕ್ಕೆ ಹೊಸ ಕಪ್ಪು ಚುಕ್ಕೆ ಏಳುತ್ತದೆ, ಹಳೆಯ ಕಲೆ ಯಾವುದು, ಹೊಸದು ಯಾವುದು ತಿಳಿಯದಂತಾಗುತ್ತದೆ. ಹರಿತವಾದ ಕೀಸುಳಿ ಆಡಿಸಿ, ಅಗಸೆ ಎಣ್ಣೆ ತೆಳ್ಳಗೆ ಸವರಿ, ಒಣಗಿದ ಮೇಲೆ ಜೇನುಮೇಣ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಇನ್ನು ಮರದ ಜೊತೆ ಬಂದ ಪ್ರಮಾಣಪತ್ರ. ಹಡಗಿನ ಯಾವ ಭಾಗದ್ದು, ಯಾವ ವರ್ಷ ಬಿಚ್ಚಿದ್ದು ಎಂದು ಅದರಲ್ಲಿರಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ವಿಕ್ಟರಿ, ನೆಲ್ಸನ್‌ನ ಇನ್ನೊಂದು ಧ್ವಜನೌಕೆ, 1765ರದ್ದು. ಆದರೆ 20ನೇ ಶತಮಾನದ ದುರಸ್ತಿಯಲ್ಲಿ ಅದಕ್ಕೆ ಹೊಸ ಮರವೂ ಸೇರಿದೆ. ಹಾಗಾಗಿ ವಿಕ್ಟರಿಯ ಮರವೆಲ್ಲ 1805ರ ಟ್ರಫಾಲ್ಗರ್ ಯುದ್ಧ ಕಂಡದ್ದಲ್ಲ. ಪತ್ರದಲ್ಲಿರುವುದನ್ನು ಪೆಟ್ಟಿಗೆಯ ತಳದಲ್ಲಿ ಬರೆದಿಡಿ. ಎಣ್ಣೆ ಹಚ್ಚುವ ಮೊದಲೇ, ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಎಣ್ಣೆಗೆ ಹರಡಿಬಿಡುತ್ತದೆ.

ನಮಸ್ಕಾರ.