ಬಾವಿಯ ಮಗ್ಗುಲಿನ ಮನೆಗೆ ಗೆದ್ದಲು ಹಿಡಿದಾಗ

ಕೇಳುಗರಿಗೆ ನಮಸ್ಕಾರ.

ಮನೆಗೆ ಗೆದ್ದಲು ಹಿಡಿದಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಾಗುವುದು, ಬಾಗಿಲಿನ ದಾರಂದವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದ ಮೇಲೆಯೇ. ಅದಕ್ಕಿಂತ ಮೊದಲೇ ಮುರಕಲ್ಲಿನ ಗೋಡೆಯ ಬುಡದಲ್ಲಿ ಪೆನ್ಸಿಲ್ಲಿನಷ್ಟು ದಪ್ಪದ ಮಣ್ಣಿನ ಕೊಳವೆ ಮೇಲೇರಿರುವುದುಂಟು. ಅದರ ನಡುಭಾಗವನ್ನು ಸ್ವಲ್ಪ ಕೆರೆದು ನೋಡಿ. ಬಿಳಿಯ ಹುಳುಗಳು ಕಂಡರೆ, ಅಥವಾ ಒಂದೆರಡು ದಿನಗಳಲ್ಲಿ ಕೆರೆದ ಜಾಗ ಹಸಿಮಣ್ಣಿನಿಂದ ಮುಚ್ಚಿಕೊಂಡರೆ, ಆ ದಾರಿಯಲ್ಲಿ ಓಡಾಟ ಇದೆ ಎಂದೇ ತಿಳಿಯಬೇಕು.

ಗೋಡೆಯ ಬುಡಕ್ಕೆ ತೂತು ಕೊರೆದು ಕೀಟನಾಶಕ ತುಂಬಿಸುವುದು ರೂಢಿಯಲ್ಲಿರುವ ಕ್ರಮ, ಸರಿಯಾಗಿ ಮಾಡಿದರೆ ಫಲ ಕೊಡುವಂಥದ್ದೂ ಹೌದು. ಆದರೆ ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ಕುಡಿಯುವ ನೀರಿನ ಬಾವಿ ಅಡುಗೆಕೋಣೆಯ ಮಗ್ಗುಲಲ್ಲೇ ಇರುತ್ತದೆ. ಮುರಕಲ್ಲಿನ ನೆಲದ ಸಂದುಗಳಲ್ಲಿ ಇಳಿದ ಮಳೆನೀರು ಎತ್ತ ಹರಿದು ಬಾವಿ ಸೇರುತ್ತದೆ ಎಂದು ಹೇಳುವುದು ಕಷ್ಟ. ಇಂಥ ಮನೆಗಳವರು, ಗೆದ್ದಲು ತಾನೇ ಬಂದು ತಿನ್ನುವಂತೆ ಔಷಧ ಬೆರೆಸಿದ ತಿನಿಸು, ಅಂದರೆ ಎರೆ, ಇಡುವ ಕ್ರಮವನ್ನು ಮೊದಲು ಯೋಚಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ಎರೆ ಇಡಲು ಕೀಟ ನಿಯಂತ್ರಣದವರು ಬಳಸುವ ಬೇಟ್ ಸ್ಟೇಷನ್ ಎನ್ನುವುದು, ಸುತ್ತಲೂ ಸೀಳುಗಳಿರುವ ಪ್ಲಾಸ್ಟಿಕ್ಕಿನ ಡಬ್ಬಿ. ಮನೆಯ ಸುತ್ತ ಸುಮಾರು 3 ಮೀಟರಿಗೊಂದರಂತೆ, ಗೋಡೆಯಿಂದ ತುಸು ದೂರದಲ್ಲಿ, ಮುಚ್ಚಳ ನೆಲಮಟ್ಟಕ್ಕೆ ಬರುವಂತೆ ಇದನ್ನು ಹೂಳುತ್ತಾರೆ. ಸಾಮಾನ್ಯವಾಗಿ ಮೊದಲು ಒಳಗಿಡುವುದು ಮರದ ತುಂಡು. ಅದಕ್ಕೆ ಗೆದ್ದಲು ಹತ್ತಿದ ಮೇಲೆ ಹೆಕ್ಸಾಫ್ಲುಮುರಾನ್ ಅಥವಾ ಕ್ಲೋರ್‌ಫ್ಲುವಾಜುರಾನ್‌ನಂಥ ಔಷಧ ಬೆರೆಸಿದ ಎರೆಯನ್ನು ಹಾಕುತ್ತಾರೆ. ಇದು ತಿಂದ ಕೂಡಲೇ ಕೊಲ್ಲುವ ವಿಷವಲ್ಲ. ಗೆದ್ದಲು ಬೆಳೆಯುವಾಗ ಹಳೆಯ ಹೊರಕವಚ ಕಳಚಿ ಹೊಸದನ್ನು ಕಟ್ಟಿಕೊಳ್ಳಬೇಕು. ಆ ಕವಚಕ್ಕೆ ಬೇಕಾದ ಕೈಟಿನ್ ತಯಾರಾಗದಂತೆ ಈ ಔಷಧ ತಡೆಯುತ್ತದೆ. ಹೀಗೆ ಕವಚ ಕಳಚುವಾಗ ಸಾಯುವ ಮೊದಲೇ, ತಿಂದ ಕೆಲಸಗಾರ ಹುಳು ಗೂಡಿಗೆ ಮರಳಿ ಬಾಯಿಂದ ಬಾಯಿಗೆ ಉಳಿದವಕ್ಕೂ ಉಣಿಸಿರುತ್ತದೆ. ಕೆಲಸಗಾರರು ಕಡಿಮೆಯಾದಂತೆ ರಾಣಿಗೂ ಮರಿಗಳಿಗೂ ತುತ್ತು ಕೊಡುವವರಿಲ್ಲದೆ, ಕೆಲವು ತಿಂಗಳುಗಳಲ್ಲಿ ಗೂಡೇ ಕುಸಿಯುತ್ತದೆ.

ಈ ನಿಧಾನಕ್ಕೆ ತಾಳ್ಮೆ ಸಾಲದೆ, ಸ್ಟೇಷನ್ನಿನ ಮೇಲೆ ಜಿರಳೆಯ ಸ್ಪ್ರೇ ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಹುಳುಗಳು ಎರೆಯನ್ನೇ ಬಿಟ್ಟು ಬೇರೆ ದಾರಿ ಹಿಡಿಯುತ್ತವೆ, ಮಾಡಿದ ಖರ್ಚು ವ್ಯರ್ಥವಾಗುತ್ತದೆ. ದಿನವೂ ಮುಚ್ಚಳ ತೆಗೆದು ಇಣುಕುವುದೂ ಬೇಡ. ನಮ್ಮ ಮಳೆಗೆ ಇನ್ನೊಂದು ಎಚ್ಚರಿಕೆ ಅಗತ್ಯ: ಹೆಂಚಿನ ಮಾಡಿನಿಂದ ನೀರು ಬೀಳುವ ಸಾಲಿನಲ್ಲಿ ಸ್ಟೇಷನ್ ಹೂಳಿದರೆ ಜೂನ್ ತಿಂಗಳಲ್ಲಿಯೇ ಅದರೊಳಗೆ ನೀರು ನಿಂತು ಎರೆ ಕೊಳೆಯುತ್ತದೆ. ಗೋಡೆಗೆ ಒರಗಿಸಿಟ್ಟ ಬಚ್ಚಲೊಲೆಯ ಕಟ್ಟಿಗೆ, ತೆಂಗಿನ ಮಡಲುಗಳನ್ನು ದೂರ ಸರಿಸಿ. ಅಷ್ಟು ಊಟ ಪಕ್ಕದಲ್ಲೇ ಇರುವಾಗ ಗೆದ್ದಲಿಗೆ ಎರೆಯ ಹಂಗೇಕೆ?

ಹುತ್ತ ಕಟ್ಟುವ ಗೆದ್ದಲುಗಳ ಮಾತು ಬೇರೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆಯನ್ನು ನಾವು ಸಾರಿಗೆ ಹಾಕುತ್ತೇವಲ್ಲ, ಅದು ಆ ಹುಳುಗಳೇ ನೆಲದೊಳಗೆ ಸಾಕುವ ಶಿಲೀಂಧ್ರದ ಫಲ. ಇಂಥ ಜಾತಿಗಳು ಎರೆಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಹಣ ಕೊಡುವ ಮುನ್ನ, ನಿಮ್ಮ ಮನೆಗೆ ಬಂದಿರುವುದು ಯಾವ ಜಾತಿ ಎಂದು ಬಲ್ಲವರಿಂದ ಗುರುತು ಹಿಡಿಸಿಕೊಳ್ಳಿ.

ಹುಳುಗಳ ಓಡಾಟ ನಿಂತ ಮೇಲೂ ಸ್ಟೇಷನ್‌ಗಳನ್ನು ಕೀಳಬಾರದು. ನೆರೆಯ ಹಿತ್ತಿಲಿನ ಇನ್ನೊಂದು ಗೂಡು ಆ ಜಾಗಕ್ಕೆ ಬರಬಹುದು. ಎರಡು ಮೂರು ತಿಂಗಳಿಗೊಮ್ಮೆ ಬಂದು ತೆರೆದು ನೋಡುವ ಕೆಲಸವೂ ಒಪ್ಪಂದದಲ್ಲಿ ಸೇರಿದೆಯೇ ಎಂದು ಕೇಳಿ, ಬರಹದಲ್ಲಿಯೇ ಪಡೆದುಕೊಳ್ಳಿ. ನಮಸ್ಕಾರ.