ದುಬೈ, ಹೈದರಾಬಾದ್, ಬೀದರ್: ನನ್ನ ಮೊದಲ ಲ್ಯಾಪ್‌ಟಾಪ್‌ನ ಲೆಕ್ಕ

ನಮಸ್ಕಾರ. ನೀವೀಗ ನೋಡುತ್ತಿರುವುದು ಭಾಲ್ಕಿ ತಾಲ್ಲೂಕಿನ ನಮ್ಮ ಮನೆಯ ಪಡಸಾಲೆ. ಗೋಡೆಗೆ ಒರಗಿಸಿಟ್ಟ ಜೋಳದ ಚೀಲಗಳ ಪಕ್ಕದಲ್ಲಿರುವ ಆ ಸಣ್ಣ ಮೇಜಿನ ಮೇಲೆ ನನ್ನ ಮೊದಲ ಲ್ಯಾಪ್‌ಟಾಪ್ ಇದೆ. ನಾನು ಬೀದರಿನಲ್ಲಿ ಬಿಸಿಎ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮೊದಲ ವರ್ಷವನ್ನು ಕಾಲೇಜಿನ ಲ್ಯಾಬ್ ಮತ್ತು ಗೆಳತಿಯ ಯಂತ್ರವನ್ನು ನೆಚ್ಚಿಕೊಂಡೇ ಕಳೆದೆ. ಈ ವರ್ಷ ಮಳೆ ಅತಿಯಾಗಿ ಹೆಸರುಕಾಳಿನ ಬೆಳೆ ಕೈಗೆ ಹತ್ತಲಿಲ್ಲ. ಅಪ್ಪ ಉಳಿದ ಉದ್ದು ಮಾರಿ ತಂದ ಹಣಕ್ಕೆ ಅವ್ವ ತನ್ನ ಸಂಘದ ಉಳಿತಾಯವನ್ನು ಸೇರಿಸಿದಾಗ 52 ಸಾವಿರ ರೂಪಾಯಿ ಆಯಿತು. ಆ ಹಣದಲ್ಲಿ ಒಂದು ರೂಪಾಯಿಯೂ ದಂಡವಾಗಬಾರದು ಎಂದು ನಾನು ಒಂದೂವರೆ ತಿಂಗಳು ಹುಡುಕಾಡಿದೆ. ಆ ಹುಡುಕಾಟದ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಬಿಚ್ಚಿಡುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು 14 ಇಂಚಿನ ಪರದೆ, 16 ಜಿಬಿ ರ್‍ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ ಯಂತ್ರ. ರ್‍ಯಾಮ್ ಎಂದರೆ ಯಂತ್ರ ಕೆಲಸ ಮಾಡುವಾಗ ಬಳಸುವ ನೆನಪು, ಎಸ್‌ಎಸ್‌ಡಿ ಎಂದರೆ ಕಡತಗಳನ್ನು ಉಳಿಸಿಡುವ ಜಾಗ. ಪ್ರೋಗ್ರಾಮಿಂಗ್ ಕಲಿಯುವವರಿಗೆ 8 ಜಿಬಿ ರ್‍ಯಾಮ್ ಸಾಲದು ಎಂಬುದನ್ನು ಗೆಳತಿಯ ಲ್ಯಾಪ್‌ಟಾಪ್ ತೋರಿಸಿಕೊಟ್ಟಿತ್ತು. ಒಂದು ಮಾದರಿಯನ್ನು ಗಟ್ಟಿ ಮಾಡಿಕೊಂಡ ಮೇಲೆ, ಅದೇ ಮಾದರಿಯ ಬೆಲೆಯನ್ನು ಮಾತ್ರ ಎಲ್ಲ ಕಡೆ ಕೇಳುತ್ತಾ ಹೋದೆ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿಯೂ ಪ್ರೊಸೆಸರ್, ಪರದೆಯ ಗುಣಮಟ್ಟ ದೇಶದಿಂದ ದೇಶಕ್ಕೆ ಬೇರೆಯಾಗಿರುವುದುಂಟು. ಆದ್ದರಿಂದ ಡಬ್ಬದ ಮೇಲಿನ ಪೂರ್ತಿ ಮಾಡೆಲ್ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ಹೋಲಿಸದೆ ಬೆಲೆಯನ್ನು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ನಮ್ಮ ದೇಶದಲ್ಲಿ ಆನ್‌ಲೈನ್ ಬೆಲೆ 54,990 ರೂಪಾಯಿ ಇತ್ತು, ಅಂದರೆ ನಮ್ಮ ಕೈಯಲ್ಲಿದ್ದ ಹಣಕ್ಕಿಂತ ಸುಮಾರು ಮೂರು ಸಾವಿರ ಹೆಚ್ಚು.

ಮೊದಲು ಕರೆ ಮಾಡಿದ್ದು ದುಬೈಯಲ್ಲಿರುವ ಅಣ್ಣನಿಗೆ. ಅವರು ನಮ್ಮ ದೊಡ್ಡಪ್ಪನ ಮಗ. ನಾಲ್ಕು ವರ್ಷದಿಂದ ಅಲ್ಲಿಯೇ ಕೆಲಸದಲ್ಲಿದ್ದಾರೆ. ಬೀದರ್, ಕಲಬುರಗಿ ಕಡೆಯ ಮನೆಗಳಲ್ಲಿ ಕೊಲ್ಲಿಯಲ್ಲಿ ದುಡಿಯುವ ಒಬ್ಬರಾದರೂ ಇದ್ದರೆ, ಫೋನಿರಲಿ ಲ್ಯಾಪ್‌ಟಾಪಿರಲಿ, ಮೊದಲ ಮಾತು ಅವರಿಗೇ ಹೋಗುವುದು ವಾಡಿಕೆ. ಅಣ್ಣ ಆ ರಾತ್ರಿಯೇ ಅಂಗಡಿಗೆ ಹೋಗಿ ವಿಡಿಯೋ ಕರೆಯಲ್ಲಿ ಯಂತ್ರವನ್ನು ತೋರಿಸಿದರು. ಬೆಲೆ 2,100 ದಿರ್ಹಮ್. ಆ ದಿನಗಳಲ್ಲಿ ಒಂದು ದಿರ್ಹಮ್‌ಗೆ ಸುಮಾರು 24 ರೂಪಾಯಿ ಇದ್ದುದರಿಂದ, ನಮ್ಮ ಲೆಕ್ಕಕ್ಕೆ 50,400 ರೂಪಾಯಿ. ಇಲ್ಲಿಗಿಂತ 4,590 ರೂಪಾಯಿ ಕಡಿಮೆ! “ತಂಗಿ, ಜನವರಿಯಾಗ ಊರಿಗಿ ಬರ್ತೀನಿ, ತರಲೇನು?” ಎಂದು ಅಣ್ಣ ಕೇಳಿದಾಗ ಅಪ್ಪ ಆಗಲೇ ತಲೆಯಾಡಿಸಿದ್ದರು. ನಾನು ಒಂದು ದಿನದ ಸಮಯ ಕೇಳಿದೆ.

ಆ ಒಂದು ದಿನದಲ್ಲಿ ನಾನು ಮಾಡಿದ ಲೆಕ್ಕವೇ ಈ ವಿಡಿಯೋದ ಮುಖ್ಯ ಭಾಗ. ಪರದೆಯ ಮೇಲೆ ಕಾಣುತ್ತಿರುವುದು ನನ್ನ ನೋಟ್‌ಬುಕ್ಕಿನ ಆ ಪುಟ. ಭಾರತದಲ್ಲಿ ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ಶೇಕಡಾ 18. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮತ್ತು ದೊಡ್ಡ ಟಿ.ವಿ.ಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಾಗ ಲ್ಯಾಪ್‌ಟಾಪ್ ಕೂಡ ಅಗ್ಗವಾಯಿತು ಎಂದು ನಮ್ಮ ಕಾಲೇಜಿನಲ್ಲಿ ಅನೇಕರು ನಂಬಿದ್ದರು; ಆದರೆ ಅದು ಮೊದಲೂ 18ರಲ್ಲಿಯೇ ಇತ್ತು, ಈಗಲೂ ಅಲ್ಲಿಯೇ ಇದೆ. ಹಾಗಾದರೆ 54,990 ರೂಪಾಯಿಯ ಒಳಗೆ ತೆರಿಗೆಯ ಪಾಲು ಸುಮಾರು 8,388 ರೂಪಾಯಿ. ಯಂತ್ರದ ಬೆಲೆ 46,602. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2018ರ ಜನವರಿಯಿಂದ ಜಾರಿಯಲ್ಲಿರುವ ವ್ಯಾಟ್, ಅಂದರೆ ಅಲ್ಲಿನ ಮಾರಾಟ ತೆರಿಗೆ, ಶೇಕಡಾ 5. ಅಣ್ಣ ಹೇಳಿದ 2,100 ದಿರ್ಹಮ್‌ನಲ್ಲಿ 100 ದಿರ್ಹಮ್ ತೆರಿಗೆ, 2,000 ದಿರ್ಹಮ್ ಯಂತ್ರದ ಬೆಲೆ, ರೂಪಾಯಿಯಲ್ಲಿ 48,000. ತೆರಿಗೆಯನ್ನು ಬದಿಗಿಟ್ಟು ನೋಡಿದರೆ ಆ ಯಂತ್ರ ದುಬೈಗಿಂತ ನಮ್ಮಲ್ಲಿಯೇ ಅಗ್ಗ. ಅಲ್ಲಿನ ಅಂಗಡಿಯವರು ನಮಗೆ ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ. ನಾವು ಉಳಿತಾಯ ಎಂದು ತಿಳಿದದ್ದು ಬರೀ ಎರಡು ದೇಶಗಳ ತೆರಿಗೆಯ ಅಂತರವಾಗಿತ್ತು. ಈ ಮಾತು ತಿಳಿದ ಮೇಲೆ, ನಾನು ಕೇಳಬೇಕಾದ ಪ್ರಶ್ನೆಯೇ ಬದಲಾಯಿತು: ಆ ತೆರಿಗೆಯ ಅಂತರವನ್ನು ಪಡೆಯಲು ನಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ?

ಕಾನೂನಿನ ಮಾತನ್ನು ಮೊದಲು ಹೇಳುತ್ತೇನೆ. ವಿದೇಶದಿಂದ ಬರುವ 18 ವರ್ಷ ತುಂಬಿದ ಪ್ರಯಾಣಿಕರು ತಮ್ಮ ಲಗೇಜಿನಲ್ಲಿ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಒಂದು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಣ್ಣ ಊರಿಗೆ ಬರುವಾಗ ತಮ್ಮ ಸ್ವಂತ ಲ್ಯಾಪ್‌ಟಾಪ್ ತಂದೇ ತರುತ್ತಾರೆ. ಹಾಗೆ ತಂದರೆ ನನ್ನದು ಎರಡನೆಯದಾಗಿ, ಆ ವಿನಾಯಿತಿಯ ಹೊರಗೆ ಉಳಿದು, ಉಳಿದ ಸಾಮಾನಿಗಿರುವ ಸುಂಕವಿಲ್ಲದ ಮಿತಿಯ ಲೆಕ್ಕಕ್ಕೆ ಸೇರಬಹುದು. ಕೊರಿಯರ್‌ನಲ್ಲಿ ಕಳಿಸಿಬಿಡಲಿ ಎಂದು ಕೆಲವರು ಹೇಳಿದರು. 2023ರ ಆಗಸ್ಟ್ 3ರಂದು ಸರ್ಕಾರ ಲ್ಯಾಪ್‌ಟಾಪ್ ಆಮದಿನ ಮೇಲೆ ನಿರ್ಬಂಧ ಹೇರಿದಾಗಲೂ, ಆನ್‌ಲೈನಿನಲ್ಲಿ ಕೊಂಡು ಅಂಚೆ ಅಥವಾ ಕೊರಿಯರ್ ಮೂಲಕ ಒಂದನ್ನು ತರಿಸಿಕೊಳ್ಳಲು ಪರವಾನಗಿ ಬೇಡವೆಂದು ಹೇಳಿತ್ತು, ನಿಜ. ಆದರೆ ಆ ಮಾತಿನ ಜೊತೆಯಲ್ಲಿಯೇ ಅನ್ವಯಿಸುವ ಸುಂಕ ಕಟ್ಟಬೇಕೆಂಬ ಷರತ್ತೂ ಇತ್ತು. ಉಳಿಸಲು ಹೊರಟ ತೆರಿಗೆಯನ್ನು ಇಲ್ಲಿ ಕಟ್ಟಿ, ಮೇಲೆ ಕೊರಿಯರ್ ಖರ್ಚನ್ನೂ ಹಾಕಿಕೊಳ್ಳುವುದು ಯಾರಿಗೂ ಲಾಭವಲ್ಲ.

ವಿಮಾನ ನಿಲ್ದಾಣದಲ್ಲಿ ವ್ಯಾಟ್ ವಾಪಸ್ ಸಿಗುತ್ತದೆ ಎಂಬ ಸಲಹೆಯನ್ನೂ ಬಹಳ ಜನ ಕೊಟ್ಟರು. ಆ ಯೋಜನೆ ಪ್ರವಾಸಿಗರಿಗೆ ಮಾತ್ರ. ಅಲ್ಲಿನ ವಾಸದ ವೀಸಾ ಇರುವ ನಮ್ಮ ಅಣ್ಣನಂಥವರಿಗೆ ಅದು ಸಿಗುವುದಿಲ್ಲ. ನೀವೇ ಪ್ರವಾಸಿಗರಾಗಿ ಹೋಗುವುದಾದರೆ, ಕನಿಷ್ಠ 250 ದಿರ್ಹಮ್ ಖರೀದಿಯಾಗಿರಬೇಕು, ಕೊಂಡ 90 ದಿನದ ಒಳಗೆ ದೇಶ ಬಿಡಬೇಕು, ಮತ್ತು ಕಟ್ಟಿದ ತೆರಿಗೆಯಲ್ಲಿ ಸುಮಾರು ಶೇಕಡಾ 85 ಮಾತ್ರ, ಅದರಲ್ಲಿಯೂ 4.80 ದಿರ್ಹಮ್ ಶುಲ್ಕ ಕಳೆದು, ಕೈಗೆ ಬರುತ್ತದೆ. ನನ್ನ ಯಂತ್ರಕ್ಕೆ ಅದು ಸುಮಾರು 80 ದಿರ್ಹಮ್, ಅಂದರೆ ಸುಮಾರು 1,920 ರೂಪಾಯಿ. ಆದರೆ ಅದೇ ಪ್ರವಾಸಿಗರು ಭಾರತದ ಕ್ರೆಡಿಟ್ ಕಾರ್ಡ್ ಉಜ್ಜಿದರೆ, ಅನೇಕ ಕಾರ್ಡ್‌ಗಳಲ್ಲಿ ವಿದೇಶಿ ಹಣದ ವಿನಿಮಯಕ್ಕೆಂದು ಶೇಕಡಾ 3.5ರವರೆಗೆ ಶುಲ್ಕವೂ, ಆ ಶುಲ್ಕದ ಮೇಲೆ ಜಿಎಸ್‌ಟಿಯೂ ಬೀಳುತ್ತವೆ. 50,400 ರೂಪಾಯಿಗೆ ಅದು ಸುಮಾರು 2,080. ವಾಪಸ್ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಅಂಗಡಿಯ ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ. ಆ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ದುಬಾರಿಯಾಗಿರುತ್ತದೆ.

ಅಮೆರಿಕದ ಬೆಲೆ ನೋಡಿ ಮರುಳಾಗುವವರಿಗೂ ಒಂದು ಮಾತು. ಅಲ್ಲಿ ಫಲಕದ ಮೇಲಿನ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒರೆಗಾನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ರಾಜ್ಯಮಟ್ಟದ ಮಾರಾಟ ತೆರಿಗೆಯೇ ಇಲ್ಲ. ನಿಮ್ಮ ನೆಂಟರು ಅಲ್ಲಿದ್ದರೆ ಅದು ದೊಡ್ಡ ಅನುಕೂಲ. ನಮಗೆ ಯಾರೂ ಇಲ್ಲದ ಕಾರಣ ಆ ಪುಟವನ್ನು ಅಲ್ಲಿಗೇ ಮುಚ್ಚಿದೆ.

ಇನ್ನು ನನ್ನ ಮನಸ್ಸನ್ನು ತಿರುಗಿಸಿದ ವಿಷಯ, ವಾರಂಟಿ. ನಮ್ಮ ತರಗತಿಯ ಒಬ್ಬ ಹುಡುಗನ ಮನೆಯವರು ಎರಡು ವರ್ಷದ ಹಿಂದೆ ಕೊಲ್ಲಿಯಿಂದ ಲ್ಯಾಪ್‌ಟಾಪ್ ತರಿಸಿದ್ದರು. ಏಳನೆಯ ತಿಂಗಳಿಗೆ ಮದರ್‌ಬೋರ್ಡ್ ಕೆಟ್ಟಿತು. ಸರ್ವಿಸ್ ಸೆಂಟರಿಗೆ ಒಯ್ದರೆ, ಈ ಸೀರಿಯಲ್ ಸಂಖ್ಯೆ ಬೇರೆ ದೇಶದ್ದು, ಇಲ್ಲಿ ವಾರಂಟಿ ನಡೆಯುವುದಿಲ್ಲ ಎಂದು ತಿರುಗಿಸಿ ಕಳಿಸಿದರು. ಆ ಯಂತ್ರ ಈಗಲೂ ಅವರ ಮನೆಯ ಅಲಮಾರಿಯಲ್ಲಿದೆ. ಅದನ್ನು ನಾನು ಕಣ್ಣಾರೆ ನೋಡಿ ಬಂದೆ. ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ಎಲ್ಲ ದೇಶದಲ್ಲಿ ನಡೆಯುವ ವಾರಂಟಿ ಕೊಡುತ್ತವೆ, ಕೆಲವು ಕಂಪನಿಗಳಲ್ಲಿ ದೇಶ ಬದಲಾವಣೆಗೆ ಅರ್ಜಿ ಹಾಕಿಕೊಳ್ಳಬೇಕಾಗುತ್ತದೆ, ಇನ್ನು ಕೆಲವದರಲ್ಲಿ ಆ ದಾರಿಯೇ ಇಲ್ಲ. ಆದ್ದರಿಂದ ಕೊಳ್ಳುವ ಮೊದಲೇ, ನಿಮ್ಮ ಮಾದರಿಯ ಹೆಸರು ಹಿಡಿದು ಕಂಪನಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ನಾನು ಕೇಳಿದೆ. ನನ್ನ ಮಾದರಿಗೆ ಇಲ್ಲ ಎಂಬ ಉತ್ತರ ಬಂತು.

ಅಣ್ಣನ ವಿಡಿಯೋ ಕರೆಯನ್ನು ಮತ್ತೊಮ್ಮೆ ನೋಡಿದಾಗ ಕೀಬೋರ್ಡಿನಲ್ಲಿ ಪ್ರತಿ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಅರಬಿ ಅಕ್ಷರವೂ ಇರುವುದು, ಚಾರ್ಜರಿನ ಪಿನ್ನುಗಳು ದುಂಡಗಿರದೆ ಚಪ್ಪಟೆಯಾಗಿರುವುದು ಕಂಡಿತು. ಚಾರ್ಜರು 100ರಿಂದ 240 ವೋಲ್ಟ್‌ವರೆಗೆ ತಡೆಯುವುದರಿಂದ ಬರೀ ವೈರು ಬದಲಿಸಿದರೆ ಸಾಕು. ಇವೆರಡೂ ನನಗೆ ದೊಡ್ಡ ಅಡ್ಡಿಗಳಲ್ಲ. ಆದರೆ ಒಂದು ವರ್ಷದ ವಾರಂಟಿಯನ್ನು 4,590 ರೂಪಾಯಿಗೆ ಮಾರಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ನೀವು ಒಂದೂವರೆ ಲಕ್ಷದ, ಎಲ್ಲ ದೇಶಕ್ಕೂ ವಾರಂಟಿ ಇರುವ ಯಂತ್ರ ಕೊಳ್ಳುವವರಾದರೆ, ತೆರಿಗೆಯ ಅಂತರವೇ ಹದಿನೈದು ಸಾವಿರ ದಾಟಬಹುದು. ಆಗ ಅಣ್ಣನಿಂದ ತರಿಸುವುದೇ ಸರಿ ಎಂದು ನಾನೂ ಹೇಳುತ್ತೇನೆ.

ಎರಡನೆಯ ಗಡಿ ನಮ್ಮ ಮನೆಯ ಹತ್ತಿರದ್ದು, ತೆಲಂಗಾಣದ್ದು. “ಹೈದ್ರಾಬಾದಿಗಿ ಹೋದ್ರ ಟ್ಯಾಕ್ಸ್ ಕಮ್ಮಿ ಬೀಳ್ತದ” ಎಂದು ಅಪ್ಪ ಹೇಳಿದರು. ರಾಜ್ಯಕ್ಕೊಂದು ಮಾರಾಟ ತೆರಿಗೆ ಇದ್ದ ಕಾಲದಲ್ಲಿ ಆ ಮಾತಿಗೆ ಬೆಲೆ ಇತ್ತು. ಜಿಎಸ್‌ಟಿ ಬಂದ 2017ರ ಜುಲೈ 1ರಿಂದ ಬೀದರಿನಲ್ಲಿ ಕೊಂಡರೂ ಜಹೀರಾಬಾದ್ ದಾಟಿ ಹೋಗಿ ಕೊಂಡರೂ ಅದೇ 18. ಆದರೂ ಅಂಗಡಿಗಳ ಪೈಪೋಟಿಯಿಂದ ಬೆಲೆ ಇಳಿದೀತು ಎಂದು ನಾವಿಬ್ಬರೂ ಬಸ್ಸು ಹತ್ತಿ ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗಳ ಸಾಲಿಗೆ ಹೋದೆವು. ಒಂದು ಅಂಗಡಿಯಲ್ಲಿ ಬಿಲ್ಲಿದ್ದರೆ 53,800, ಬಿಲ್ಲಿಲ್ಲದಿದ್ದರೆ 49,500 ಎಂದರು. ಬಿಲ್ಲಿಲ್ಲದ ಯಂತ್ರಕ್ಕೆ ಖರೀದಿಯ ದಿನಾಂಕವೇ ಇರುವುದಿಲ್ಲ. ನಾಳೆ ವಾರಂಟಿ ಯಾವ ದಿನದಿಂದ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆವು. ಬಸ್ಸಿನ ಖರ್ಚು, ಊಟದ ಖರ್ಚು, ಅಪ್ಪನ ಒಂದು ದಿನದ ಕೆಲಸ ಇವನ್ನೂ ಆ ಪುಟದಲ್ಲಿಯೇ ಬರೆದಿಟ್ಟಿದ್ದೇನೆ.

ಹಬ್ಬದ ಆನ್‌ಲೈನ್ ಮಾರಾಟದಲ್ಲಿ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ 4,000 ರೂಪಾಯಿ ಕಡಿತವಿತ್ತು. ಬೆಲೆ 50,990ಕ್ಕೆ ಇಳಿಯುತ್ತಿತ್ತು. ಆದರೆ ನಮ್ಮ ಮಾಮಾನ ಕಾರ್ಡು ಬೇರೆ ಬ್ಯಾಂಕಿನದು. ಬಡ್ಡಿಯಿಲ್ಲದ ಕಂತು ಎಂದು ಬರೆದದ್ದನ್ನೂ ಬಿಡಿಸಿ ನೋಡಿದೆ: ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ, ಬ್ಯಾಂಕು ಮಾತ್ರ ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಕಂತಿನ ಶುಲ್ಕ ನಮ್ಮ ತಲೆಗೆ ಬರುತ್ತವೆ. ಕೈಯಲ್ಲಿ ಹಣವಿದ್ದವರಿಗೆ ಅದು ಬೇಡ.

ನನಗೆ ನಿಜವಾಗಿ ದಕ್ಕಿದ್ದು ವಿದ್ಯಾರ್ಥಿ ರಿಯಾಯಿತಿ. ಹಲವು ಕಂಪನಿಗಳು ಇದನ್ನು ಕೊಡುತ್ತವೆ. ಆದರೆ ನಮ್ಮ ಕಡೆಯ ಬಹಳ ವಿದ್ಯಾರ್ಥಿಗಳು ಕೇಳುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ. ಕಂಪನಿಯ ಜಾಲತಾಣ ಕಾಲೇಜಿನ ಇಮೇಲ್ ಕೇಳಿತು, ನಮ್ಮಲ್ಲಿ ಅದಿಲ್ಲ. ಬೀದರಿನ ಅಂಗಡಿಯಲ್ಲಿ ಈ ವರ್ಷದ ಗುರುತಿನ ಚೀಟಿಯನ್ನು ತೋರಿಸಿ ಕೇಳಿದಾಗ ಕಂಪನಿಯ ಕಡೆಯಿಂದ 2,000 ರೂಪಾಯಿ ಕಡಿಮೆಯಾಯಿತು. ಸಿಕಂದರಾಬಾದಿನ ಬೆಲೆಯನ್ನು ಹೇಳಿದ ಮೇಲೆ ಅಂಗಡಿಯವರು ತಾವಾಗಿ 1,200 ಬಿಟ್ಟರು. ಬಿಲ್ಲಿಲ್ಲದ ಮಾತು ಅಪ್ಪನ ಬಾಯಿಂದ ಬಂದಾಗ ಅವರು, “ಕಾಕಾ, ಬಿಲ್ ಇಲ್ದ ಕೊಡೋದಿಲ್ರಿ ನಾವು” ಎಂದರು. ಒಟ್ಟು 51,790 ರೂಪಾಯಿ. ದುಬೈಯ ಬೆಲೆಗಿಂತ 1,390 ಹೆಚ್ಚು, ಮತ್ತು ವಾರಂಟಿ ನಮ್ಮ ಊರಿನದು.

ಹಣ ಕೊಡುವ ಮೊದಲು ನಾನು ಏನು ಮಾಡಿದೆ ಎಂಬುದನ್ನು ಮಾಮಾ ಚಿತ್ರೀಕರಿಸಿದ್ದಾರೆ, ನೋಡಿ. ಡಬ್ಬದ ಅಂಟು ಒಡೆದದ್ದು ನಮ್ಮ ಮುಂದೆಯೇ. ಯಂತ್ರವನ್ನು ಮಗುಚಿ, ಅಡಿಯಲ್ಲಿರುವ ಸಣ್ಣಕ್ಷರದ ಸೀರಿಯಲ್ ಸಂಖ್ಯೆಯನ್ನು ಡಬ್ಬದ ಮೇಲಿನದಕ್ಕೂ ಬಿಲ್ಲಿನ ಮೇಲಿನದಕ್ಕೂ ತಾಳೆ ಹಾಕಿದೆ. ಅದೇ ಸಂಖ್ಯೆಯನ್ನು ಫೋನಿನಲ್ಲಿ ಕಂಪನಿಯ ತಾಣಕ್ಕೆ ಕೊಟ್ಟಾಗ ದೇಶದ ಹೆಸರು ಭಾರತ ಎಂದು ಬಂತು. ಮನೆಗೇ ಬಂದು ರಿಪೇರಿ ಮಾಡುವ ಸೇವೆ ನಮ್ಮ ಕಡೆ ಇದೆಯೇ ಎಂದು ಬೀದರಿನ ಪಿನ್ ಕೋಡ್ 585401 ಹಾಕಿ ನೋಡಿದೆ, ಇದೆ. ಪರದೆಯನ್ನು ಪೂರ್ತಿ ಬಿಳಿ, ಆಮೇಲೆ ಪೂರ್ತಿ ಕಪ್ಪು ಮಾಡಿ, ಎಲ್ಲಿಯೂ ಚುಕ್ಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡೆ.

ಅಂದು 2025ರ ಅಕ್ಟೋಬರ್ 18, ಶನಿವಾರ. ವಾರಂಟಿ ಮುಂದಿನ ಅಕ್ಟೋಬರ್ 17ರವರೆಗೆ. ರಾತ್ರಿ ಮನೆಗೆ ಬಂದ ಮೇಲೆ ಅವ್ವ ಆ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿ, ಟ್ರಂಕಿನಲ್ಲಿ ಹೊಲದ ಪಹಣಿ ಇಟ್ಟಿರುವ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ, ಬಾಯಿಗೆ ದಾರ ಕಟ್ಟಿದಳು.