ತೊಳೆಯದೆ ಶುಚಿಯಾಗಿರುವ ಕೋಳಿಗೂಡು

ದಿನವೂ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಮೇಲೆ, ಕಾಳು ಹಾಕುವುದಕ್ಕೂ ಮೊದಲು, ಈ ವಿಡಿಯೊದಲ್ಲಿ ಕಾಣುವ ಹಾಗೆ ಕುಕ್ಕರಗಾಲಿನಲ್ಲಿ ಕುಳಿತು ಕೋಳಿಯ ತಲೆಯ ಮಟ್ಟಕ್ಕೆ ಮೂಗು ತಂದು ಒಮ್ಮೆ ಉಸಿರೆಳೆದುಕೊಳ್ಳುತ್ತೇನೆ. ಹಿಕ್ಕೆಯಿಂದ ಏಳುವ, ನಿಂತವರಿಗೆ ತಿಳಿಯದ ಅಮೋನಿಯಾದ ಘಾಟು ಅಲ್ಲಿ ತಿಳಿಯುತ್ತದೆ. ಕಣ್ಣು ಸ್ವಲ್ಪ ಉರಿದರೂ ಆ ದಿನದ ಉಳಿದ ಕೆಲಸಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಏಕೆಂದರೆ ನಾನು ಅರೆನಿಮಿಷ ಕುಡಿದು ಎದ್ದುಹೋಗುವ ಗಾಳಿಯನ್ನು ಕೋಳಿಗಳು ರಾತ್ರಿಯೆಲ್ಲ ಉಸಿರಾಡಿರುತ್ತವೆ.

ತೀರ್ಥಹಳ್ಳಿಯ ಸಮೀಪದ ನಮ್ಮ ಹಿತ್ತಿಲಿನಲ್ಲಿ ಈಗ 24 ಕೋಳಿಗಳಿವೆ. ಕೆಲವು ನಾಟಿ, ಉಳಿದವು ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯವು. ಗೂಡಿನ ಉದ್ದ 10 ಅಡಿ, ಅಗಲ 6 ಅಡಿ. ಅಂದರೆ ಕೋಳಿಯೊಂದಕ್ಕೆ ಎರಡೂವರೆ ಚದರಡಿ ಜಾಗ. ಕೋಳಿ ಸಾಕಲು ತೊಡಗಿದ ಮೊದಲ ಮಳೆಗಾಲದಲ್ಲಿ ನಾನು ಈ ನೆಲವನ್ನು ಎರಡು ದಿನಕ್ಕೊಮ್ಮೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದೆ. "ಕೋಳಿಗೂಡೇನು ದೇವರ ಕೋಣೆಯೇನೇ, ಹೀಗೆ ತೊಳೆಯೋಕೆ?" ಎಂದು ಅತ್ತೆ ಕೇಳಿದ್ದನ್ನು ಹಳೆಯ ಕಾಲದವರ ಉದಾಸೀನವೆಂದು ತಿಳಿದಿದ್ದೆ. ಜುಲೈ ತಿಂಗಳಲ್ಲಿ ನಾಲ್ಕು ವಾರದ 11 ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು. ಹಿಕ್ಕೆಯಲ್ಲಿ ರಕ್ತ ಕಾಣಿಸಿತು. ವಾರದೊಳಗೆ 7 ಮರಿಗಳು ಸತ್ತವು.

ಅದು ರಕ್ತಭೇದಿ. ಐಮೀರಿಯ ಎಂಬ ಏಕಕೋಶ ಜೀವಿಯಿಂದ ಬರುವ ಕಾಯಿಲೆ. ಹಿಕ್ಕೆಯೊಡನೆ ಹೊರಬೀಳುವ ಅದರ ಮೊಟ್ಟೆಯಂಥ ಕಣಗಳು ಬಿದ್ದ ಕೂಡಲೇ ಸೋಂಕು ತರುವುದಿಲ್ಲ. ತೇವ ಮತ್ತು ಬೆಚ್ಚಗಿನ ಗಾಳಿ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಬಲಿತು ಆ ಶಕ್ತಿಯನ್ನು ಪಡೆಯುತ್ತವೆ. ಮನೆಯಲ್ಲಿ ಬಳಸುವ ಫಿನಾಯಿಲ್ ಅವುಗಳ ಗಟ್ಟಿ ಕವಚವನ್ನು ದಾಟುವುದೂ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಣಗದ ನೆಲಕ್ಕೆ ಮತ್ತೆ ಮತ್ತೆ ನೀರು ಸುರಿದು, ಆ ಕಣಗಳು ಬಲಿಯಲು ಬೇಕಾದುದನ್ನೆಲ್ಲ ನಾನೇ ಒದಗಿಸಿದ್ದೆ.

ಕೋಳಿಗೂಡಿನಲ್ಲಿ ಶುಚಿ ಎಂದರೆ ಒಣಗಿರುವುದು ಎಂಬುದನ್ನು ಒಪ್ಪಿಕೊಂಡ ಮೇಲೆ ನೆಲದ ಮೇಲೆ ಹರಡುವ ಹೊಟ್ಟಿನ ಹಾಸಿನ ಕೆಲಸವೇನೆಂಬುದು ನನಗೆ ಅರ್ಥವಾಯಿತು. ಬೆಳೆದ ಕೋಳಿಯೊಂದು ದಿನಕ್ಕೆ ನೂರು ಗ್ರಾಂಗೂ ಮೀರಿ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಹಾಗಾಗಿ ಈ ಪುಟ್ಟ ಗೂಡಿನ ನೆಲಕ್ಕೆ ಪ್ರತಿದಿನ ಸುಮಾರು ಎರಡು ಲೀಟರ್ ನೀರು ಬೀಳುತ್ತಿದೆ. ಅದನ್ನು ಹೀರಿಕೊಂಡು, ಹರಡಿ, ಗಾಳಿಗೆ ಬಿಟ್ಟುಕೊಡುವುದೇ ಹಾಸಿನ ಕೆಲಸ.

ಇಲ್ಲಿ ನಾನು ಹಾಸಿರುವುದು ಭತ್ತದ ಹೊಟ್ಟು, ನಾಲ್ಕು ಅಂಗುಲ ದಪ್ಪ. ಮರದ ಹೊಟ್ಟು ಇದಕ್ಕಿಂತ ಹೆಚ್ಚು ನೀರು ಹೀರುತ್ತದೆಯಾದರೂ, ನುಣ್ಣಗಿದ್ದರೆ ದೂಳೇಳುತ್ತದೆ, ಎಳೆ ಮರಿಗಳು ಅದನ್ನೇ ಹೆಕ್ಕಿ ತಿನ್ನುತ್ತವೆ. ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ಅಡಿಕೆ ಸಿಪ್ಪೆಯನ್ನೂ ಒಂದು ವರ್ಷ ಹಾಸಿ ನೋಡಿದೆ. ನಾರು ಹೆಣೆದುಕೊಂಡು ಚಾಪೆಯಂತಾಗಿ, ಅಡಿಯಲ್ಲಿ ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಹಾಸು ಕೋಳಿಗಳ ಶ್ವಾಸಕೋಶಕ್ಕೆ ಅಪಾಯವಾದ್ದರಿಂದ ಅಷ್ಟನ್ನೂ ಹೊರಗೆ ಹಾಕಬೇಕಾಯಿತು. ಭತ್ತದ ಹೊಟ್ಟು ಹೀರುವುದು ಕಡಿಮೆ, ಆದರೆ ಬೇಗ ಒಣಗುತ್ತದೆ, ಕೆದಕಿದರೆ ಬಿಡಿಬಿಡಿಯಾಗುತ್ತದೆ. ಮಳೆನಾಡಿಗೆ ಅದೇ ಸರಿ ಎಂಬುದು ನನ್ನ ತೀರ್ಮಾನ.

ಈಗ ನನ್ನ ಕೈಯನ್ನು ಹತ್ತಿರದಿಂದ ನೋಡಿ. ಒಂದು ಹಿಡಿ ಹಾಸನ್ನು ಗಟ್ಟಿಯಾಗಿ ಹಿಸುಕಿ ಬಿಡುತ್ತೇನೆ. ಉಂಡೆ ಹಾಗೆಯೇ ಉಳಿದರೆ ತೇವ ಹೆಚ್ಚಾಗಿದೆ. ಬೆರಳ ಸಂದಿಯಿಂದ ದೂಳಾಗಿ ಜಾರಿದರೆ ಅತಿಯಾಗಿ ಒಣಗಿದೆ. ಇಲ್ಲಿ ಕೊಂಚ ಅಂಟಿಕೊಂಡು, ಆಮೇಲೆ ಬಿರುಕು ಬಿಟ್ಟು ಉದುರಿತಲ್ಲವೇ, ಹೀಗಿರಬೇಕು. ಕೋಳಿಗಳು ಮಲಗುವ ಅಡ್ಡಗಳುವಿನ ಕೆಳಗಿನ ಹಾಸು ಮಾತ್ರ ಯಾವಾಗಲೂ ಉಂಡೆಯಾಗುತ್ತದೆ, ಏಕೆಂದರೆ ರಾತ್ರಿಯ ಹಿಕ್ಕೆಯೆಲ್ಲ ಬೀಳುವುದು ಅಲ್ಲಿಯೇ. ಅದಕ್ಕಾಗಿ ಅಲ್ಲೊಂದು ಹಲಗೆ ಇಟ್ಟಿದ್ದೇನೆ; ಬೆಳಿಗ್ಗೆ ಅದನ್ನು ಎಳೆದು ಕೆರೆದುಬಿಟ್ಟರೆ ಹಾಸಿನ ಭಾರ ಅರ್ಧ ಇಳಿಯುತ್ತದೆ. ನೀರಿನ ಪಾತ್ರೆಯನ್ನು ಇಟ್ಟಿಗೆಗಳ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಏರಿಸಿದ್ದರಿಂದ ಕೆದರಿ ಚೆಲ್ಲುವುದು ನಿಂತಿದೆ. ವಾರಕ್ಕೆರಡು ಬಾರಿ, ಮಳೆಗಾಲದಲ್ಲಿ ದಿನಕ್ಕೊಮ್ಮೆ, ಹಾಸನ್ನು ತಳದವರೆಗೆ ತಿರುವಿ ಹಾಕುತ್ತೇನೆ. ಒಂದು ಹಿಡಿ ಜೋಳ ಎರಚಿದರೆ ಈ ಕೆಲಸದ ಬಹುಪಾಲನ್ನು ಕೋಳಿಗಳೇ ಮಾಡಿಕೊಡುತ್ತವೆ.

ಸುಣ್ಣದ ವಿಷಯದಲ್ಲಿ ಎಚ್ಚರ ಬೇಕು. ಹಸಿ ಹಾಸಿನ ಮೇಲೆ ಸುಣ್ಣದ ಪುಡಿ ಎರಚಿದರೆ ತೇವ ಇಳಿಯುತ್ತದೆ ನಿಜ. ಆದರೆ ಅದು ಹಾಸಿನೊಳಗೆ ಅಡಗಿರುವ ಅಮೋನಿಯಾವನ್ನು ಒಮ್ಮೆಲೇ ಗಾಳಿಗೆ ಎಬ್ಬಿಸುತ್ತದೆ. ಆದ್ದರಿಂದ ಕೋಳಿಗಳನ್ನು ಹೊರಗೆ ಬಿಟ್ಟು, ಕಿಟಕಿ ಬಾಗಿಲು ತೆರೆದಿಟ್ಟು, ತೆಳುವಾಗಿ ಎರಚಿ ಬೆರೆಸಿ, ಘಾಟು ಹೋದ ಮೇಲೆಯೇ ಅವುಗಳನ್ನು ಒಳಗೆ ಬಿಡಬೇಕು. ಚಳಿಯೆಂದು ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ ಮುಚ್ಚುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇರಚಲು ತಡೆಯಲು ಗೋಣಿಯನ್ನು ಕೆಳಭಾಗಕ್ಕೆ ಮಾತ್ರ ಕಟ್ಟಿ, ಮೇಲಿನ ಅರ್ಧವನ್ನು ಗಾಳಿಗೆ ಬಿಟ್ಟರೆ ಸಾಕು.

ಹಾಸನ್ನು ಪೂರ್ತಿಯಾಗಿ ಬದಲಿಸುವುದು ವರ್ಷಕ್ಕೆ ಎರಡು ಬಾರಿ: ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು; ಮತ್ತೆ ಭತ್ತದ ಕೊಯ್ಲು ಮುಗಿದು ಗಿರಣಿಯಲ್ಲಿ ಹೊಸ ಹೊಟ್ಟು ಸಿಗುವಾಗ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಈ ಕೆಲಸಕ್ಕೆ ಇಳಿಯುತ್ತೇನೆ. ಅಂದು ಗೋಡೆಗೆ ಸುಣ್ಣ ಬಳಿದು, ಅಡ್ಡಗಳುವಿನ ಬಿರುಕುಗಳನ್ನು ಟಾರ್ಚ್ ಹಾಕಿ ನೋಡುತ್ತೇನೆ. ಹಗಲಿನಲ್ಲಿ ಅಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೆಂಪು ನುಸಿಗಳು ಬಿಳಿ ಬಟ್ಟೆಯಿಂದ ಒರೆಸಿದರೆ ಕೆಂಪು ಗೆರೆಯಾಗಿ ಹತ್ತುತ್ತವೆ.

ತೆಗೆದ ಹಾಸನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಅದನ್ನು ತರಗೆಲೆಯೊಡನೆ ರಾಶಿ ಹಾಕಿ, ಮೂರು ತಿಂಗಳು ಕೊಳೆಸಿ, ಆಮೇಲೆ ಮೆಣಸಿನ ಬಳ್ಳಿಗೆ ಕೊಡುತ್ತೇನೆ. ಭತ್ತದ ಹೊಟ್ಟು ಬೇಗ ಕೊಳೆಯುವುದಿಲ್ಲ. ರಾಶಿ ಬಿಸಿಯೇರಬೇಕಾದರೆ ಅದಕ್ಕೆ ನೀರು ಬೇಕು. ಈಗ ಕಾಣುತ್ತಿರುವುದು ಅದೇ: ಗೂಡಿನೊಳಗೆ ಒಂದು ಹನಿಯನ್ನೂ ಬಿಡದ ನಾನು, ಹತ್ತು ಹೆಜ್ಜೆ ಆಚೆ ನಿಂತು ರಾಶಿಯ ಮೇಲೆ ಕೊಡಗಟ್ಟಲೆ ಸುರಿಯುತ್ತಿದ್ದೇನೆ, ಅತ್ತೆ ಬಾವಿಕಟ್ಟೆಯಿಂದ ನೋಡಿ ನಗುತ್ತಿದ್ದಾರೆ.